ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರೆಳೆದರೆ ಬಿಪಿ ಇಳಿಯುತ್ತಾ?

ಕಾಫಿಡಿಕಾಕ್ಷನ್, ಮೈಸೂರು
ಅಮ್ಮನಿಗೆ 63. ಆಮ್ಲೋಡಿಪಿನ್ 5 ತಗೋತಾರೆ, ಆದ್ರೂ ಮೇಲಿನ ನಂಬರ್ 145–150ರ ಆಸುಪಾಸಲ್ಲೇ ಆಡ್ತಿದೆ. ಡಾಕ್ಟ್ರು ವಾಕಿಂಗ್ ಮಾಡಿ ಅಂತಾರೆ, ಮಂಡಿ ಬಿಡಲ್ಲ. ಕುಕ್ಕರಹಳ್ಳಿ ಕೆರೆ ಸುತ್ತು ಹಾಕೋದಿರ್ಲಿ, ನಮ್ಮ ಬೀದಿ ಕೊನೆ ಮುಟ್ಟೋದ್ರೊಳಗೆ ಯಾರದಾದ್ರೂ ಮನೆ ಜಗಲಿ ಮೇಲೆ ಕೂತಿರ್ತಾರೆ. ಮುಂದಿನ ಸಲ ಎರಡನೇ ಮಾತ್ರೆ ಸೇರಿಸೋ ಮಾತು ಬಂದಿದೆ, ಅಮ್ಮನಿಗೆ ಅದು ಸುತರಾಂ ಇಷ್ಟ ಇಲ್ಲ.

ಈ ಮಧ್ಯೆ ಚಿಕ್ಕಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಿಡಿಯೋ ಹಾಕಿದ್ದಾರೆ. ದಿನಾ ಐದು ನಿಮಿಷ ಉಸಿರಾಟದ ಸ್ನಾಯುಗಳಿಗೆ ವ್ಯಾಯಾಮ ಕೊಟ್ರೆ ಬಿಪಿ ಇಳಿಯುತ್ತೆ, ಅಮೆರಿಕದಲ್ಲಿ ಪ್ರೂವ್ ಆಗಿದೆ ಅಂತ. ಕೋವಿಡ್ ಟೈಮಲ್ಲಿ ತಂದ ಮೂರು ಚೆಂಡಿನ ಡಬ್ಬಿ ಅಟ್ಟದ ಮೇಲಿತ್ತು. ಅಮ್ಮ ಅದನ್ನ ಇಳಿಸಿ, ತೊಳೆದು, ಶುರು ಹಚ್ಕೊಂಡಿದ್ದಾರೆ. ಮೂರೂ ಚೆಂಡು ಮೇಲೆ ಹೋದ್ರೆ ಮೊಮ್ಮಗಳ ಚಪ್ಪಾಳೆ ಬೇರೆ. ಇದರಿಂದ ನಿಜಕ್ಕೂ ಏನಾದ್ರೂ ಆಗುತ್ತಾ? ಗೊತ್ತಿರೋರು ಹೇಳಿ.

ತಿಪಟೂರು_ತೆಂಗು
ಆಗುತ್ತೆ. ಮೊಮ್ಮಗಳಿಗೆ ಟೈಂಪಾಸ್ ಆಗುತ್ತೆ.

ಉಸಿರುಗಟ್ಟಿ, ಧಾರವಾಡ
ನಾನು ಫಿಸಿಯೋಥೆರಪಿ ಮಾಡಾಂವ, ಹೇಳ್ತೀನಿ ಕೇಳ್ರಿ. ನಿಮ್ಮನಿಯಾಗ ಇರೋದು ಇನ್ಸೆಂಟಿವ್ ಸ್ಪೈರೋಮೀಟರ್. ಎದಿ, ಹೊಟ್ಟಿ ಆಪರೇಷನ್ ಆದವರು ನೋವಿಗೆ ಹೆದರಿ ಮ್ಯಾಲಮ್ಯಾಲ ಉಸಿರಾಡ್ತಾರ, ಶ್ವಾಸಕೋಶದ ಕೆಳಗಿನ ಭಾಗ ಮುದುಡಿಕೊಂಡು ಕೂಡ್ತದ. ಅದನ್ನ ಬಿಚ್ಚಸಾಕ ಅಂತ ಆ ಡಬ್ಬಿ ಕೊಡ್ತಾರ. ಅದರ ಮ್ಯಾಲ 600, 900, 1200 ಅಂತ ಬರದಿರ್ತದ ನೋಡ್ರಿ, ಅದು ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಒಳಗ ಹೊಂಟದ ಅನ್ನೋ ಲೆಕ್ಕ. ಅಂದ್ರ ಗಾಳಿ ಎಷ್ಟು ಜೋರು ಹರಿತದ ಅಂತ ತೋರಸ್ತದ, ಅಷ್ಟ. ಸ್ನಾಯುಗೋಳಿಗೆ ಭಾರ ಬೀಳಂಗಿಲ್ಲ.

ವಿಡಿಯೋದಾಗ ಹೇಳಿದ್ದು ಬ್ಯಾರೇನ ಸಾಮಾನು. ಅಂಗೈಯಾಗ ಹಿಡಿಯುವಷ್ಟು ಇರ್ತದ, ಒಳಗ ಸ್ಪ್ರಿಂಗ್ ಹಾಕಿದ ಕವಾಟ. ಮೂಗಿಗೆ ಕ್ಲಿಪ್ ಹಾಕಿ, ತುಟಿ ಬಿಗಿ ಹಿಡಿದು ಎಳೀಬೇಕು. ಮೊದಲಿಗೆ ಏನೂ ಬರಂಗಿಲ್ಲ. ಕೆನ್ನಿ ಒಳಗ ಹೋಗ್ತಾವ, ಕುತ್ತಿಗಿ ನರ ಎದ್ದು ಕಾಣ್ತಾವ, ಪಕ್ಕಡಿ ಹಿಗ್ಗತಾವ. ನೀವು ಇಟ್ಟ ಒತ್ತಡ ಮುಟ್ಟಿದ ಮ್ಯಾಲ ಟಪ್ ಅಂತ ಕವಾಟ ತೆರೆದು ಗಾಳಿ ನುಗ್ತದ. ಒತ್ತಡ ಇಳೀತೋ, ಮತ್ತ ಮುಚ್ಚತದ. ಡಯಾಫ್ರಮ್ಮಿಗೆ, ಪಕ್ಕೆಲುಬಿನ ನಡುವಿನ ಸ್ನಾಯುಗೋಳಿಗೆ ಇದು ಡಂಬೆಲ್ ಎತ್ತಿಸಿದಂಗ.

ಹೆಬ್ರಿ_ಮಾರಾಯ
ಇದಕ್ಕೆಲ್ಲ ಸ್ಪ್ರಿಂಗು ಗಿಂಗು ಯಾಕೆ ಮಾರಾಯ್ರೇ. ನಮ್ಮಲ್ಲಿ ಪ್ರಾಣಾಯಾಮ ಅಂತ ಒಂದು ಉಂಟಲ್ಲ, ಬಿಟ್ಟಿಗೆ ಸಿಗ್ತದೆ ಅಂತ ಯಾರಿಗೂ ಬೇಡ. ಹೊರಗಿನವರು ಅದಕ್ಕೇ ಪ್ಲಾಸ್ಟಿಕ್ ಹಾಕಿ ಮಾರಿದ್ರೆ ಆಗ್ತದೆ.

ಸಂಖ್ಯಾಶಾಸ್ತ್ರಿ
ಹೊರಗಿನವರು ಅಂತ ತಳ್ಳಿಹಾಕೋ ಮುಂಚೆ ಅವರು ಏನು ಮಾಡಿದ್ದಾರೆ ನೋಡೋಣ. ಕೊಲರಾಡೋ ವಿಶ್ವವಿದ್ಯಾಲಯ, ಬೌಲ್ಡರ್. ಡೇನಿಯಲ್ ಕ್ರೇಗ್‌ಹೆಡ್, ಡಗ್ ಸೀಲ್ಸ್ ತಂಡ. 2021ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಜರ್ನಲ್‌ನಲ್ಲಿ ಬಂತು. 50ರಿಂದ 79 ವಯಸ್ಸಿನ 36 ಜನ, ಎಲ್ಲರದ್ದೂ ಮೇಲಿನ ಬಿಪಿ 120 ಅಥವಾ ಅದಕ್ಕಿಂತ ಜಾಸ್ತಿ. ಒಂದು ಗುಂಪಿಗೆ ತಮ್ಮ ಗರಿಷ್ಠ ಶಕ್ತಿಯ 75% ಪ್ರತಿರೋಧ. ಇನ್ನೊಂದು ಗುಂಪಿಗೆ ಅದೇ ಯಂತ್ರ, ಬರೀ 15%. ದಿನಕ್ಕೆ 30 ಉಸಿರು, ವಾರಕ್ಕೆ 6 ದಿನ, 6 ವಾರ. 75% ಗುಂಪಿನ ಸರಾಸರಿ 135ರಿಂದ 126ಕ್ಕೆ ಇಳೀತು. ಹಗುರ ಗುಂಪಲ್ಲಿ ಹಾಗೇನೂ ಆಗಲಿಲ್ಲ. ನಿಲ್ಲಿಸಿ 6 ವಾರ ಆದಮೇಲೂ ಲಾಭದ ಮುಕ್ಕಾಲು ಪಾಲು ಉಳಿದಿತ್ತು.

ನನಗೆ ಮುಖ್ಯ ಅನಿಸೋದು ಆ 15% ಗುಂಪು. ದಿನಾ ಕೂತು 30 ಸಲ ಉಸಿರೆಳೆಯೋ ಶಿಸ್ತೊಂದೇ ಸಾಕಾಗಿದ್ರೆ ಅವರದ್ದೂ ಇಳೀಬೇಕಿತ್ತು. ಭಾರ ಬೇಕು ಅಂತ ಆಯ್ತಲ್ಲ.

ತಿಪಟೂರು_ತೆಂಗು
36 ಜನ! ನಮ್ಮೂರ ಮದುವೇಲಿ ಒಂದು ಪಂಕ್ತಿಗೆ ಅದಕ್ಕಿಂತ ಜಾಸ್ತಿ ಕೂರ್ತಾರೆ.

ಸಂಖ್ಯಾಶಾಸ್ತ್ರಿ
ಒಪ್ಪಿದೆ, ಸಣ್ಣದು. ಅದಕ್ಕೇ ಅವರೂ ಮುಂದೆ 12 ವಾರದ, ನೂರರ ಹತ್ತಿರ ಜನರ ಅಧ್ಯಯನಕ್ಕೆ ಹಣ ತಂದಿದ್ದು, ವಾಕಿಂಗ್ ಥರದ ಏರೋಬಿಕ್ ವ್ಯಾಯಾಮದ ಜೊತೆ ಹೋಲಿಸೋಕೆ. ಸಣ್ಣದು ಅಂದಮಾತ್ರಕ್ಕೆ ಸುಳ್ಳು ಅಲ್ಲ, ಹಾಗಂತ ಮಾತ್ರೆ ಡಬ್ಬಿ ಕಸಕ್ಕೆ ಹಾಕೋಕೂ ಸಾಲದು.

ಬೆಟ್ಟದಹೂವು_67
ಒತ್ತಡದ ವಿರುದ್ಧ ಎಳೆದ್ರೆ ರಕ್ತದ ಒತ್ತಡ ಯಾಕೆ ಇಳಿಯಬೇಕು? ಏರಬೇಕಲ್ವಾ? ನಾನು ಗ್ಯಾಸ್ ಸಿಲಿಂಡರ್ ಎಳೆದ ದಿನ ತಲೆ ಧಿಮ್ ಅನ್ನುತ್ತೆ.

ಉಸಿರುಗಟ್ಟಿ, ಧಾರವಾಡ
ಛಲೋ ಪ್ರಶ್ನೆ ರೀ ಅಕ್ಕಾರ. ಸಿಲಿಂಡರ್ ಎತ್ತುವಾಗ ನೀವು ಉಸಿರು ಹಿಡಿದು, ಗಂಟಲು ಮುಚ್ಚಿ ತಿಣುಕ್ತೀರಿ. ಎದಿಯೊಳಗ ಒತ್ತಡ ಏರ್ತದ, ಬಿಪಿನೂ ಜಿಗೀತದ. ಬಿಪಿ ಇದ್ದವರಿಗೆ ಸಂಡಾಸದಾಗೂ ತಿಣುಕಬ್ಯಾಡ್ರಿ ಅನ್ನೋದು ಇದಕ್ಕ. ಒಳಗ ಎಳೆಯುವಾಗ ಉಲ್ಟಾ, ಎದಿಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮಿ ಆಗ್ತದ, ರಕ್ತ ಹೃದಯದ ಕಡೆ ಸಲೀಸು ಬರ್ತದ.

ಆದ್ರ ವಾರಗಟ್ಟಲೆ ಮಾಡಿದ ಮ್ಯಾಲ ಸಿಗೋ ಲಾಭದ ಕಾರಣ ಬ್ಯಾರೆ ಇರಬೇಕು. ಕೊಲರಾಡೋದವರು ರಕ್ತನಾಳದ ಒಳಪದರ ನೋಡಿದ್ರು. ಅದು ನೈಟ್ರಿಕ್ ಆಕ್ಸೈಡ್ ಬಿಡ್ತದ, ನಾಳ ಸಡಿಲ ಆಗ್ತದ. ಆ ಶಕ್ತಿ 45% ಸುಧಾರಿಸಿತ್ತು. ಮುಟ್ಟು ನಿಂತು, ಹಾರ್ಮೋನ್ ಮಾತ್ರಿ ತಗೊಳ್ಳದ ಹೆಂಗಸರಿಗೆ ವಾಕಿಂಗ್, ಓಟದಿಂದ ಈ ಒಳಪದರದ ಲಾಭ ಅಷ್ಟಾಗಿ ಸಿಗಂಗಿಲ್ಲ. ಇದರಾಗ ಅವರಿಗೂ ಸಿಕ್ತು. ಕಾಫಿಯವರ ಅಮ್ಮಗ ಅದಕ್ಕ ಇದು ವಿಚಾರ ಮಾಡೂ ಅಂಥದ್ದ ಅಂತ ನನ್ನ ಅನಿಸಿಕಿ.

ಹೆಬ್ರಿ_ಮಾರಾಯ
ಎದೆಯೊಳಗೆ ಒತ್ತಡ ಕಡಿಮೆ ಮಾಡೋದು ಅಂದ್ರೆ ಉಡ್ಡಿಯಾನ ಬಂಧ (ಉಸಿರು ಪೂರ್ತಿ ಬಿಟ್ಟು ಹೊಟ್ಟೆ ಒಳಗೆ ಎಳ್ಕೊಳ್ಳೋದು) ಅಲ್ಲದೆ ಮತ್ತೇನು? ಲೋಣಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲೇ ನೌಲಿ, ಅಂದ್ರೆ ಹಾಗೆ ಎಳ್ಕೊಂಡ ಹೊಟ್ಟೆಯ ಸ್ನಾಯು ತಿರುಗಿಸೋದು, ಮಾಡಿಸಿ, ಹೊಟ್ಟೆಯೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಹೋಗ್ತದೆ ಅಂತ ಅಳೆದು ತೋರಿಸಿದ್ರು. ಗುರುಗಳ ಹೆಸರಲ್ಲಿ ಅದಕ್ಕೆ ಮಾಧವದಾಸ ವ್ಯಾಕ್ಯೂಮ್ ಅಂತ ಹೆಸರೂ ಇಟ್ರು. ನೂರು ವರ್ಷ ಆಯ್ತು ಸ್ವಾಮೀ. ಆಗ ಈ ಸ್ಪ್ರಿಂಗಿನವರು ಎಲ್ಲಿದ್ರು?

ಯೋಗಶಾಲೆ_ತುಮಕೂರು
ಹೆಬ್ರಿಯವರೇ, ನಾನು ಯೋಗ ಹೇಳಿಕೊಡೋಳು. ಕುವಲಯಾನಂದರ ವಿಷಯ ಸರಿ. ಆದ್ರೆ ಬಿಪಿ ಜಾಸ್ತಿ ಇರೋರಿಗೆ ಉಡ್ಡಿಯಾನ, ನೌಲಿ ಯಾವ ಶಿಕ್ಷಕರೂ ಹೇಳಿಕೊಡಲ್ಲ. ರಭಸದ ಭಸ್ತ್ರಿಕಾ, ಕಪಾಲಭಾತಿನೂ ಅಷ್ಟೇ. ಉಸಿರು ಹಿಡಿಯೋ ದೀರ್ಘ ಕುಂಭಕನೂ ಬೇಡ ಅಂತೀವಿ. 63ರ ತಾಯಿಗೆ ಟಿವಿ ನೋಡಿ ಕಪಾಲಭಾತಿ ಮಾಡಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ಅವರಿಗೆ ನಾಡಿಶೋಧನ, ಭ್ರಾಮರಿ, ನಿಧಾನದ ಉಸಿರು ಸಾಕು.

ಹೆಬ್ರಿ_ಮಾರಾಯ
ನಾನು ನೌಲಿ ಮಾಡ್ಲಿಕ್ಕೆ ಹೇಳ್ಲಿಲ್ಲ ಮೇಡಂ, ಇತಿಹಾಸ ಹೇಳಿದ್ದು.

ಯೋಗಶಾಲೆ_ತುಮಕೂರು
ಇತಿಹಾಸ ಓದಿ ಸೋಮವಾರ ಬೆಳಗ್ಗೆ ಹೊಟ್ಟೆ ಎಳ್ಕೊಂಡು ಬರೋರು ನನ್ನ ಕ್ಲಾಸಿಗೇ ಬರೋದು ಸಾರ್!

ಸಂಖ್ಯಾಶಾಸ್ತ್ರಿ
ಇಲ್ಲಿ ಎರಡು ಬೇರೆ ದಾರಿ ಕಲಸಿಹೋಗ್ತಿವೆ. ಒಂದು ನಿಧಾನದ ಉಸಿರು, ಇನ್ನೊಂದು ಭಾರದ ಉಸಿರು. ನಿಧಾನದ್ದಕ್ಕೂ ಯಂತ್ರ ಇದೆ. ಎದೆಗೆ ಪಟ್ಟಿ ಕಟ್ಕೊಂಡು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಸ್ವರ ಕೇಳ್ತಾ ನಿಮಿಷಕ್ಕೆ 10ಕ್ಕಿಂತ ಕಡಿಮೆ ಉಸಿರಿಗೆ ಇಳಿಸೋದು, ದಿನಕ್ಕೆ 15 ನಿಮಿಷ. ರೆಸ್ಪರೇಟ್ ಅಂತ ಹೆಸರು, 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಔಷಧ ಮತ್ತು ಪಥ್ಯ ಬಿಟ್ಟು ಬೇರೆ ಏನೇನು ಮಾಡಬಹುದು ಅಂತ ಒಂದು ಹೇಳಿಕೆ ಹೊರಡಿಸಿದಾಗ, ಯಂತ್ರ ನೋಡ್ಕೊಂಡು ಮಾಡೋ ನಿಧಾನ ಉಸಿರು ಪರವಾಗಿಲ್ಲ ಅಂತು. ಯೋಗಕ್ಕೆ ಆಗಿನ ಪುರಾವೆ ಸಾಲದು ಅಂತ ಶಿಫಾರಸು ಮಾಡಲಿಲ್ಲ. ಇನ್ನು ನನ್ನ ಮೇಲೆ ಕಲ್ಲು ಬೀಳಲಿ.

ಹೆಬ್ರಿ_ಮಾರಾಯ
ಬಿತ್ತು 🪨

ನಾದಪ್ರಿಯ_ಮೇಲುಕೋಟೆ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮೆ ಇರಲಿ. ನಮ್ಮ ದೊಡ್ಡಪ್ಪ ನಾಗಸ್ವರ ನುಡಿಸ್ತಿದ್ದರು. ಬ್ರಹ್ಮೋತ್ಸವದಲ್ಲಿ ಗಂಟೆಗಟ್ಟಲೆ ಊದಿ, ಇಳಿದು ಬಂದು, ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಹೊರಡೋರು. ಉಸಿರಿನ ವ್ಯಾಯಾಮದಿಂದ ಬಿಪಿ ಇಳಿಯೋದಾದ್ರೆ ಅವರಿಗೆ ಬರಲೇಬಾರದಿತ್ತು. ಬಂತು. ಐವತ್ತಕ್ಕೆಲ್ಲ ಮಾತ್ರೆ ಶುರುವಾಯ್ತು.

ಬೆಟ್ಟದಹೂವು_67
ಊದೋದು ಬೇರೆ, ಎಳೆಯೋದು ಬೇರೆ ಅಲ್ವಾ? ಊದೋರಿಗೆ ಕೆನ್ನೆ ಉಬ್ಬುತ್ತೆ, ಕಣ್ಣು ಕೆಂಪಾಗುತ್ತೆ.

ಉಸಿರುಗಟ್ಟಿ, ಧಾರವಾಡ
ಹೌದ್ರಿ, ಊದೋದು ಹೊರ ಉಸಿರು, ಅಲ್ಲಿ ದುಡಿಯೋದು ಹೊಟ್ಟಿ ಸ್ನಾಯು. ನಾವು ಮಾತಾಡ್ತಿರೋದು ಒಳ ಉಸಿರು. ಬಲೂನ್ ಊದೋದು, ಶಂಖ ಊದೋದು ಇದಕ್ಕ ಬದಲಿ ಅಲ್ಲ. ಮ್ಯಾಲ ಅಮ್ಮನ ಚೆಂಡಿನ ಡಬ್ಬಿ ಬಗ್ಗೆ ಕೇಳಿದ್ರಲ್ಲ, ಅದಕ್ಕೂ ಒಂದು ಉತ್ತರ ಅದ. ಅರಿಜೋನಾ ವಿಶ್ವವಿದ್ಯಾಲಯದಾಗ ಫಿಯೋನಾ ಬೈಲಿ ಅವರ ಲ್ಯಾಬಿನವರು 2015ರಾಗ, ಬಿಪಿ ಸರಿ ಇದ್ದ ಆರೋಗ್ಯವಂತರ ಮ್ಯಾಲ ಇದನ್ನ ಬಿಡಿಸಿ ನೋಡಿದ್ರು. ಬರೇ ಎದಿ ತುಂಬ ಗಾಳಿ ತುಂಬಿಕೊಂಡವರಿಗೆ ಬಿಪಿ ಇಳೀಲಿಲ್ಲ, ದೊಡ್ಡ ಒತ್ತಡದ ವಿರುದ್ಧ ದುಡಿದವರಿಗೆ ಇಳೀತು. ಚೆಂಡಿನ ಡಬ್ಬಿ ಮೊದಲನೇ ಪೈಕಿ.

ಇದೇ ಲ್ಯಾಬಿನವರು ನಿದ್ದಿಯಾಗ ಉಸಿರು ಕಟ್ಟೋ ಸಮಸ್ಯೆ ಇದ್ದವರ ಮ್ಯಾಲೂ ದಿನಕ್ಕ 30 ಉಸಿರಿನ ಪದ್ಧತಿ ಮಾಡಿಸಿದ್ರು. ಅವರಿಗೂ ಬಿಪಿ ಕಡಿಮಿ ಆತು. ಗೊರಕಿ ಹೊಡೆಯೋ ಬಿಪಿ ಪೇಷಂಟ್ ಇದ್ರ ಮೊದಲು ಅದನ್ನ ತೋರಸ್ರಿ, ಬಹಳ ಮಂದಿಗೆ ಬಿಪಿ ಮೂಲ ಅಲ್ಲೇ ಇರ್ತದ.

ತಿಪಟೂರು_ತೆಂಗು
ಈ ಕೊನೆ ಸಾಲು ನನ್ನ ಹೆಂಡತಿ ಓದದೇ ಇರಲಿ.

ಡೆನ್ವರ್_ದಾವಣಗೆರೆ
ನಾನಿರೋದು ಬೌಲ್ಡರ್‌ನಿಂದ ಮುಕ್ಕಾಲು ಗಂಟೆ ದಾರಿ. ಈ ಸುದ್ದಿ ಬಂದಾಗ ಇಲ್ಲಿನ ಕನ್ನಡ ಸಂಘದ ಪಿಕ್ನಿಕ್‌ನಲ್ಲೂ ಇದೇ ಮಾತು. ಮೆಣಸಿನಕಾಯಿ ಮಂಡಕ್ಕಿ ತಿನ್ಕೊಂಡು ಬಿಪಿ ಚರ್ಚೆ! ನಾನೊಂದು ತರಿಸಿದೆ. ಐದು ನಿಮಿಷ ಅಂತ ಕೇಳೋಕೆ ಸಸಾರ. ಕೊನೆಯ ಕೆಲವು ಉಸಿರಿಗೆ ಬೆವರು ಬರುತ್ತೆ. ಹಗುರವಾಗಿ ಅನಿಸಿದ್ರೆ ಸ್ಪ್ರಿಂಗ್ ಸಾಲದು ಅಂತಲೇ ಅರ್ಥ. ಎಂಜಲು ತುಂಬುತ್ತೆ, ದಿನಾ ತೊಳೀಬೇಕು, ಒಣಗಿಸಬೇಕು. ಇದನ್ನ ಯಾವ ವಿಡಿಯೋದವರೂ ಹೇಳಲ್ಲ.

ಕಾಫಿಡಿಕಾಕ್ಷನ್, ಮೈಸೂರು
ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಸ್ಪ್ರಿಂಗಿನದ್ದೇ ತರೋಣ ಅಂತಿದೀನಿ. ಆನ್‌ಲೈನ್ ನೋಡಿದ್ರೆ ನೂರೆಂಟು ಥರ. ಕೆಲವು ಆಟದ ಸಾಮಾನಿನ ಥರ ಅಗ್ಗ, ಕೆಲವಕ್ಕೆ ಒಂದು ಮಿಕ್ಸಿ ಬರುತ್ತೆ. ಯಾವುದು?

ಉಸಿರುಗಟ್ಟಿ, ಧಾರವಾಡ
ಹೆಸರು ಹೇಳಂಗಿಲ್ಲ, ಅಳತಿ ಹೇಳ್ತೀನಿ. ಒತ್ತಡದ ಮಾಪು ನೀರಿನ ಸೆಂಟಿಮೀಟರಿನಾಗ ಇರ್ತದ. ಆಸ್ಪತ್ರೆಯೊಳಗ ಕಾಣೋ ಒಂದು ಹಳೇ ಮಾದರಿ 41ಕ್ಕ ನಿಂತುಬಿಡ್ತದ. ಅದು ಬಹಳ ಅಶಕ್ತ ಇದ್ದ ರೋಗಿಗೋಳಿಗೆ. ನಿಮ್ಮ ಅಮ್ಮ ಜೋರು ಮಾಡಿ 70 ಎಳೀತಾರ ಅಂತ ಇಟ್ಕೋರಿ, 75% ಅಂದ್ರ 52ರ ಮ್ಯಾಲ ಬೇಕು, 41ರದ್ದು ತಗೊಂಡು ಏನ್ ಮಾಡ್ತೀರಿ? ಸುತ್ತ ನಂಬರ್ ಇಲ್ಲದ, ಬರೇ ಒಂದು, ಎರಡು, ಮೂರು ಅಂತ ಬರೆದಿದ್ದು ತಗೋಬ್ಯಾಡ್ರಿ, ಅದರೊಳಗ ಏನು ಭಾರ ಅದ ಅಂತ ದೇವರಿಗೇ ಗೊತ್ತು.

ಮೊದಲ ಒಮ್ಮೆ ಫಿಸಿಯೋ ಕಡೆ ಹೋಗಿ ಎಷ್ಟು ಎಳೀತಾರ ಅಂತ ಅಳಸ್ರಿ. ಅರ್ಧದಷ್ಟು ಭಾರದಿಂದ ಶುರು ಮಾಡಿ ವಾರವಾರ ಏರಿಸ್ರಿ. ಆರು ಉಸಿರು, ಒಂದು ನಿಮಿಷ ಸುಮ್ಮ ಕೂಡೋದು, ಹಂಗ ಐದು ಸರ್ತಿ. ಬಿಡಬಿಡದ ಎಳೆದ್ರ ತಲಿ ತಿರುಗತದ.

ನಿರ್ವಾಹಕ
ನೆನಪಿರಲಿ: ಮಾರಾಟದ ಕೊಂಡಿ ಹಾಕಿದರೆ ತೆಗೆಯಲಾಗುವುದು. ಇಲ್ಲಿನ ಮಾತು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ.

ಬೆಟ್ಟದಹೂವು_67
ಮಾತ್ರೆ ಅಂದಾಗ ನೆನಪಾಯ್ತು. ಆಮ್ಲೋಡಿಪಿನ್‌ನಿಂದ ನನಗೆ ಕಾಲು ಊದ್ಕೊಳ್ತಿತ್ತು. ಸಂಜೆ ಹೊತ್ತಿಗೆ ಕಾಲುಂಗುರ ಕಚ್ಕೊಂಡಿರೋದು. ಡಾಕ್ಟ್ರಿಗೆ ಹೇಳಿದ್ಮೇಲೆ ಬೇರೆ ಕೊಟ್ರು, ಸರಿಹೋಯ್ತು. ನಿಮ್ಮ ಅಮ್ಮ ಎರಡನೇ ಮಾತ್ರೆ ಬೇಡ ಅನ್ನೋದಕ್ಕೆ ಇಂಥದ್ದೇನಾದ್ರೂ ಕಾರಣ ಇರಬಹುದು, ಕೇಳಿ ನೋಡಿ. ಹೆಂಗಸರು ಇದನ್ನೆಲ್ಲ ಬಾಯಿಬಿಟ್ಟು ಹೇಳಲ್ಲ.

ಲ್ಯಾಬ್_ಟೆಕ್ನಿಷಿಯನ್_ಹಾಸನ
ನನ್ನದೊಂದು ತಕರಾರು. ಆ 145–150 ಅಳೆದಿದ್ದು ಹೇಗೆ? ಮೆಟ್ಟಿಲು ಹತ್ತಿ ಬಂದ ಕೂಡಲೇ, ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿ, ಪಕ್ಕದಲ್ಲಿ ಮಗಳು "ನಿನ್ನೆ ಉಪ್ಪಿನಕಾಯಿ ತಿಂದ್ರು ಡಾಕ್ಟ್ರೇ" ಅಂತ ಚಾಡಿ ಹೇಳ್ತಿರುವಾಗ ಅಳೆದ್ರೆ ಯಾರದ್ದಾದ್ರೂ ಏರುತ್ತೆ. ಅರ್ಧ ಗಂಟೆ ಮುಂಚೆಯಿಂದ ಕಾಫಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಮಟ್ಟಕ್ಕೆ, ಬರಿ ತೋಳಿಗೆ ಪಟ್ಟಿ. ಎರಡು ಸಲ ಅಳೆದು ಸರಾಸರಿ ಬರೆದಿಡಿ. ಒಂದು ವಾರ ಮನೇಲಿ ಹೀಗೆ ಬರೆದು ಡಾಕ್ಟ್ರಿಗೆ ತೋರಿಸಿ. 9 ಅಂಕಿ ಇಳೀತೋ ಇಲ್ವೋ ಅಂತ ಲೆಕ್ಕ ಹಾಕೋಕೆ ಹೊರಟಿದ್ದೀರಿ, ಅಳತೆಯಲ್ಲೇ 10 ಅಂಕಿ ಆಚೀಚೆ ಆದ್ರೆ ಏನು ಗೊತ್ತಾಗುತ್ತೆ?

ಕಾಫಿಡಿಕಾಕ್ಷನ್, ಮೈಸೂರು
ಚಾಡಿ ಹೇಳೋದು ನಾನಲ್ಲ, ಅಪ್ಪ 😄

ತಿಪಟೂರು_ತೆಂಗು
ಉಪ್ಪಿನಕಾಯಿ ವಿಷಯ ಬಂತು ನೋಡಿ. ನಮ್ಮನೇಲಿ ಈಗ ಸೈಂಧವ ಲವಣ, ಬಿಪಿಗೆ ಒಳ್ಳೇದಂತೆ.

ಲ್ಯಾಬ್_ಟೆಕ್ನಿಷಿಯನ್_ಹಾಸನ
ಸೈಂಧವದಲ್ಲೂ ಇರೋದು ಬಹುಪಾಲು ಸೋಡಿಯಂ ಕ್ಲೋರೈಡೇ ಸಾರ್. ಬಣ್ಣ ನೋಡಿ ಬಿಪಿ ಸುಮ್ಮನಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚದೊಳಗೆ, ಹಪ್ಪಳ ಸಂಡಿಗೆ ಎಲ್ಲ ಸೇರಿ. ಸೋಡಿಯಂ ಕಡಿಮೆ ಇರೋ ಉಪ್ಪು ಅಂತ ಮಾರ್ತಾರಲ್ಲ, ಅದರಲ್ಲಿ ಪೊಟಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇರೋರು, ಟೆಲ್ಮಿಸಾರ್ಟನ್ ಥರದ ಮಾತ್ರೆ ತಗೋಳೋರು ಡಾಕ್ಟ್ರನ್ನ ಕೇಳದೆ ಅದನ್ನ ಮುಟ್ಟಬಾರದು.

ತಿಪಟೂರು_ತೆಂಗು
ಹಪ್ಪಳನೂ ಸೇರಿಸಿ ಒಂದು ಚಮಚನಾ? ನಾನು ಹೊರಟೆ.

ಸಂಖ್ಯಾಶಾಸ್ತ್ರಿ
ಕಾಫಿಯವರೇ, ಮಂಡಿ ನೋವಿಲ್ಲದವರು ಓದ್ತಿದ್ರೆ ಅವರಿಗೊಂದು ಮಾತು. 2023ರಲ್ಲಿ ಬ್ರಿಟಿಷ್ ಕ್ರೀಡಾವೈದ್ಯ ಪತ್ರಿಕೆಯಲ್ಲಿ 270 ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದ್ರು. ಅಲುಗಾಡದೆ ಹಿಡಿದು ನಿಲ್ಲೋ ವ್ಯಾಯಾಮ, ಅಂದ್ರೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂರೋ ಥರದ್ದು, ಮೇಲಿನ ಬಿಪಿಯನ್ನ ಸರಾಸರಿ 8ರಷ್ಟು ಇಳಿಸಿತ್ತು. ವಾಕಿಂಗ್, ಓಟದ ಥರದ್ದು 4.5ರಷ್ಟು. ಮಂಡಿ ನೋವಿರೋರಿಗೆ ಗೋಡೆ ಬೇಡ, ಕೈಯಲ್ಲಿ ಹಿಡಿ ಹಿಸುಕೋದೂ ಇದೇ ಜಾತಿ.

ಹೆಬ್ರಿ_ಮಾರಾಯ
ಕುರ್ಚಿ ಇಲ್ಲದೆ ಕೂರೋದಕ್ಕೆ ನಮ್ಮಲ್ಲಿ ಉತ್ಕಟಾಸನ ಅಂತಾರೆ. ಹೇಳಿದ್ರೆ ಕಲ್ಲು ಹೊಡೀತೀರಿ ಅಂತ ಸುಮ್ಮನಿದ್ದೆ.

ಗದ್ದೆಬದು_ಸಾಗರ
ನಮ್ಮ ತಂದೆಗೆ ಬೈಪಾಸ್ ಆಗಿದೆ, ಜೊತೆಗೆ ಸ್ವಲ್ಪ ದಮ್ಮೂ ಇದೆ. ಅವರಿಗೂ ಈ ಸ್ಪ್ರಿಂಗಿನದ್ದು ಕೊಡಬಹುದಾ? ಅವರ ಮೂಗು ಬೇರೆ ನುಣುಪು, ಕನ್ನಡಕವೇ ಜಾರ್ತದೆ, ಕ್ಲಿಪ್ ನಿಲ್ಲುತ್ತೋ ಇಲ್ವೋ.

ಉಸಿರುಗಟ್ಟಿ, ಧಾರವಾಡ
ಅವರಿಗೆ ಕೇಳದ ಕೊಡಬ್ಯಾಡ್ರಿ. ಇತ್ತೀಚಿಗೆ ಎದಿ, ಹೊಟ್ಟಿ, ಕಣ್ಣಿನ ಆಪರೇಷನ್ ಆಗಿದ್ರ, ಕಿವಿ ತಮಟಿ ಹರಿದಿದ್ರ, ಹಿಂದ ಯಾವಾಗರ ಶ್ವಾಸಕೋಶದ ಸುತ್ತ ಗಾಳಿ ಸೇರಿ ಕುಸಿದಿದ್ರ, ರಕ್ತನಾಳ ಉಬ್ಬಿದ ತೊಂದರಿ ಇದ್ರ ಇದು ಬ್ಯಾಡ. ದಮ್ಮು ಇದ್ದವರಲ್ಲೂ ಕೆಲವರಿಗೆ ಮಾತ್ರ ಆಗ್ತದ. ಬಿಪಿ ಬಹಳ ಏರಿದ್ರ ಮೊದಲು ಮಾತ್ರಿಯಿಂದ ಇಳಿಸಿಕೊಂಡು ಆಮ್ಯಾಲ ನೋಡೋದು. ಅವರ ಹೃದಯದ ಡಾಕ್ಟ್ರು ಹೂಂ ಅಂದ್ರ, ಆಸ್ಪತ್ರೆಯ ಫಿಸಿಯೋ ಎದುರಿಗೆ ಮೊದಲ ಸಲ ಮಾಡಸ್ರಿ, ಮನಿಯಾಗ ಒಬ್ಬರ ಇದ್ದಾಗ ಬ್ಯಾಡ. ಎದಿ ಹಿಡಿದಂಗ ಆದ್ರ, ಕಣ್ಣು ಕತ್ತಲಿ ಬಂದ್ರ ಅಲ್ಲೇ ಬಿಡಬೇಕು.

ಕ್ಲಿಪ್ ಜಾರಿದ್ರ ಮೂಗಿನ ಮ್ಯಾಲ ಒಂದು ಹತ್ತಿ ಬಟ್ಟಿ ಇಟ್ಟು ಹಾಕ್ರಿ. ಇಲ್ಲಾಂದ್ರ ಎರಡು ಬೆರಳಿನಾಗ ಹಿಡಕೊಂಡ್ರೂ ನಡೀತದ.